ಎದುರಾಳಿಯ ಕವಡೆ

ಹೊಂಬಾಳಮ್ಮನವರ ಬುದ್ಧಿಗೆ ಏನೂ ಆಗಿಲ್ಲ. ಆಗಿದೆ ಎಂದು ಅವರು ನಂಬುವ ಹಾಗೆ ಮಾಡಿದವಳು ನಾನು. ಅವರು ನನ್ನನ್ನೇ ಹತ್ತಿರ ಕರೆದು ಕೇಳಿದಾಗ, ನಿಜ ಗೊತ್ತಿದ್ದೂ, ಅಷ್ಟು ಜನ ಹೆಂಗಸರ ಎದುರಿಗೆ ಸುಳ್ಳು ಹೇಳಿದವಳೂ ನಾನೇ.

ಮೊದಲೇ ಇದನ್ನು ಹೇಳಿಬಿಟ್ಟಿದ್ದೇನೆ. ನಿಧಾನವಾಗಿ ಆಮೇಲೆ ಹೇಳೋಣ ಎಂದುಕೊಂಡರೆ — ನನ್ನನ್ನು ನಾನು ಬಲ್ಲೆ — ನಡುವೆ ಎಲ್ಲೋ ಒಂದು ನೆಪ ನುಸುಳಿ ಬಂದು ಕೂತುಬಿಡುತ್ತದೆ.

ನನ್ನ ಹೆಸರು ಮಂಜುಳಾ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಷರ್ಟಿನ ಕಾಲರ್ ಹೊಲಿಯುತ್ತಿದ್ದಳು. ನಮ್ಮ ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಅದೂ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ. ಬಸ್ಸಿನಲ್ಲಿ ನಿಂತೇ ಓದಿದವಳು, ಟ್ಯೂಷನ್ ಇಲ್ಲದೆ ಪಾಸಾದವಳು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಬರೆಯುತ್ತಿರುವುದು ತಪ್ಪೊಪ್ಪಿಗೆ ಎನ್ನುವ ಕಾರಣಕ್ಕೆ ಆ ಹೆಮ್ಮೆಯನ್ನು ಬಿಟ್ಟುಕೊಡುವವಳಲ್ಲ ನಾನು. ತಪ್ಪು ಮಾಡಿದ್ದು ನನ್ನ ಓದಲ್ಲ. ನಾನು.

ಸುಬ್ರಹ್ಮಣ್ಯಪುರದಲ್ಲಿ ನಾವು ಹೊಂಬಾಳಮ್ಮನವರ ಕಟ್ಟಡದಲ್ಲಿ ಬಾಡಿಗೆಗಿದ್ದೆವು. ಕೆಳಗಡೆ, ಸಂಪಿನ ಪಕ್ಕದ ಒಂಟಿ ಕೋಣೆ. ಅವರದ್ದು ಊರಿನ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆದ ಮೇಲೆ ಉಳಿದ ಜಾಗದಲ್ಲಿ ಮೂರಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮಗ ಪುಟ್ಟಸ್ವಾಮಿಯವರದ್ದು ಅದೇ ಕಟ್ಟಡದಲ್ಲಿ ಹಾರ್ಡ್‌ವೇರ್ ಅಂಗಡಿ. ಆದರೆ ಕಟ್ಟಡ ನಡೆಯುತ್ತಿದ್ದದ್ದು ಹೊಂಬಾಳಮ್ಮನವರ ತಲೆಯಲ್ಲಿ. ಯಾವ ಮನೆಯ ನಲ್ಲಿ ಸೋರುತ್ತಿದೆ, ಯಾರ ಗ್ಯಾಸ್ ಮುಗಿಯುತ್ತಾ ಬಂತು, ಯಾವ ಹುಡುಗಿಗೆ ನಾಳೆ ಪರೀಕ್ಷೆ — ಎಲ್ಲಾ ಬಾಯಿಗೇ ಬರುತ್ತಿತ್ತು. ಐವತ್ತು ದಾಟಿದ ಮೇಲೆ ಸ್ಕೂಟರ್ ಕಲಿತವರು. ಸೆರಗನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ ಹಾಕಿಕೊಂಡು ಬನಶಂಕರಿ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದರು. ಹಿಂದೆ ಹಾರನ್ ಮಾಡುವ ಹುಡುಗರಿಗೆ ತಿರುಗಿ ನೋಡದೆಯೇ ಉತ್ತರ ಕೊಡುತ್ತಿದ್ದರು: "ಮೇಲೆ ಹಾರ್ಕೊಂಡ್ ಹೋಗಪ್ಪ, ರೆಕ್ಕೆ ಐತಲ್ಲ." ನಾವೆಲ್ಲ ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ಓನರ್ ಆಂಟಿ ಅಂತ. ನನಗೆ ಈಗಲೂ ಅದೇ ಬಾಯಿಗೆ ಬರುವುದು.

ಮಧ್ಯಾಹ್ನದ ಹೊತ್ತು ಮೆಟ್ಟಿಲ ಪಕ್ಕದ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದರು. ಅಕ್ಕಪಕ್ಕದ ನಾಲ್ಕೈದು ಹೆಂಗಸರು ಸೇರುತ್ತಿದ್ದರು. ಒಬ್ಬರು ಕಡಿಮೆಯಾದರೆ ಸ್ಕೂಲಿನಿಂದ ಬಂದ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಿದ್ದ ಗರಕ್ಕೆ ತಕ್ಕಂತೆ ನಡೆಸಬೇಕು, ಎದುರಾಳಿಯ ಕಾಯಿಯನ್ನು ಕಡಿಯಬೇಕು, ತನ್ನದು ಕಡಿಸಿಕೊಳ್ಳದೆ ನಡುಮನೆಗೆ ಸೇರಿಸಿ ಹಣ್ಣು ಮಾಡಬೇಕು. ನಾನು ಆತುರಗಾತಿ. ನನ್ನ ಕಾಯಿ ಎಷ್ಟು ಮುಂದೆ ಹೋಯಿತು ಎಂದಷ್ಟೇ ನೋಡುತ್ತಿದ್ದೆ. ಆಂಟಿ ತಲೆಯ ಮೇಲೆ ಮೊಟಕಿ ಹೇಳಿದ್ದು ಇದು:

"ನಿನ್ ಕಾಯಿ ನೋಡ್ಬೇಡ ಕಣೇ. ಎದುರಿನೋಳ್ಗೆ ಎಷ್ಟು ಬಿದ್ರೆ ನಿನ್ನ ಕಡೀತಾಳೆ, ಅದನ್ನ ನೋಡು."

ಕಾಲೇಜಿನಲ್ಲಿ ಸಂಭವನೀಯತೆಯ ಪಾಠ ಶುರುವಾದಾಗ ಇಡೀ ಕ್ಲಾಸಿಗೆ ಕಷ್ಟವಾಗಿದ್ದು ನನಗೆ ಸಲೀಸಾಯಿತು. ಅಷ್ಟು ಹೊತ್ತಿಗೆ ನಾನು ಆ ವಿದ್ಯೆಯನ್ನು ಕೆಂಪು ನೆಲದ ಮೇಲೆ ಕೂತು ಕಲಿತಾಗಿತ್ತು.

ಡಿಗ್ರಿಯಾಯಿತು, ಒಂದೆರಡು ಸಣ್ಣ ಕೆಲಸವಾಯಿತು, ಆಮೇಲೆ ಬಿಟಿಎಂ ಲೇಔಟಿನ ಒಂದು ಗೇಮ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೆಸರು ಬರೆಯುವುದಿಲ್ಲ. ಬರೆದರೆ ಬೆರಳು ಅತ್ತ ತಿರುಗುತ್ತದೆ, ನಾನು ಮೆಲ್ಲಗೆ ಪಕ್ಕಕ್ಕೆ ಸರಿದುಕೊಂಡ ಹಾಗಾಗುತ್ತದೆ. ಫೋನಿನಲ್ಲಿ ಪುಕ್ಕಟೆ ಆಡುವ ಆಟಗಳನ್ನು ಮಾಡುತ್ತಿದ್ದರು. ನಮ್ಮ ಕಡೆಯವರು ಆಡುವಂಥದ್ದು ಒಂದು ಬೇಕು ಎಂದು ಮೇಲಿನವರು ಕೇಳಿದಾಗ ಚೌಕಾಬಾರವನ್ನು ಮುಂದಿಟ್ಟವಳು ನಾನು. ನಿಯಮ ವಿವರಿಸಿದವಳು ನಾನು. ಕವಡೆ ಉರುಳುವ ಸದ್ದು ಸರಿಯಿಲ್ಲ ಎಂದು ಜಗಳವಾಡಿ, ನಿಜವಾದ ಕವಡೆ ತಂದು ಕಲ್ಲು ನೆಲದ ಮೇಲೆ ಹಾಕಿಸಿ ಸದ್ದು ಹಿಡಿಸಿದವಳೂ ನಾನು. ಆ ಆಟ ಚೆನ್ನಾಗಿತ್ತು. ಇವತ್ತಿಗೂ ಹಾಗೇ ಹೇಳುತ್ತೇನೆ.

ಆದರೆ ಪುಕ್ಕಟೆ ಆಟಕ್ಕೆ ಸಂಬಳ ಎಲ್ಲಿಂದ ಬರಬೇಕು? ಅದಕ್ಕೆ ಚಿನ್ನದ ಕವಡೆ. ದುಡ್ಡು ಕೊಟ್ಟು ಕೊಂಡರೆ ಆ ಕವಡೆಗೆ ಒಳ್ಳೆಯ ಗರ ಹೆಚ್ಚು ಬೀಳುತ್ತದೆ. ಇದು ಗುಟ್ಟಲ್ಲ, ಪರದೆಯ ಮೇಲೇ ಬರೆದಿತ್ತು. ತೊಂದರೆ ಬೇರೆಯದಿತ್ತು — ಜನ ಕೊಳ್ಳುತ್ತಿರಲಿಲ್ಲ. ನಾಲ್ಕು ಸಲ ಕೆಟ್ಟ ಗರ ಬಿದ್ದರೆ, ಅದೃಷ್ಟವೇ ಸರಿಯಿಲ್ಲ ಎಂದು ಬೈದು ಆಟ ತೆಗೆದುಹಾಕುತ್ತಿದ್ದರು. ನಮ್ಮ ಮೇಲಿನವನು ವಿನೀತ್, ನನಗಿಂತ ಎರಡು ವರ್ಷ ಚಿಕ್ಕವನು, ಮಾತು ಮಾತ್ರ ದೊಡ್ಡದು. ಒಂದು ದಿನ ಮೀಟಿಂಗ್‌ನಲ್ಲಿ ಹೇಳಿದ: "ನೋಡಿ ಗುರು, ದುಡ್ಡು ಕೊಡದೇ ಆಡೋರು ನಮ್ಮ ಗಿರಾಕಿಗಳಲ್ಲ. ದುಡ್ಡು ಕೊಡೋರಿಗೆ ಅವರೇ ಆಟದ ಸಾಮಾನು." ಎಲ್ಲರೂ ನಕ್ಕರು. ನಾನೂ ನಕ್ಕೆ.

ಉಪಾಯ ಹುಡುಕಿದವಳು ನಾನು. ಯಾರೂ ಒತ್ತಾಯ ಮಾಡಲಿಲ್ಲ. ನನಗೆ ಅದೊಂದು ಒಳ್ಳೆಯ ಲೆಕ್ಕವಾಗಿ ಕಂಡಿತು. ಅಷ್ಟೇ — ಆ ಹೊತ್ತಿಗೆ ಅಷ್ಟೇ.

ಸೋತವರು ಯಾವಾಗ ಆಟ ಬಿಡುತ್ತಾರೆ? ಅದೃಷ್ಟ ಕೈಕೊಟ್ಟಿತು ಅನ್ನಿಸಿದಾಗ. ಯಾವಾಗ ಮತ್ತೆ ಆಡುತ್ತಾರೆ? ತಪ್ಪು ತನ್ನದೇ ಅನ್ನಿಸಿದಾಗ. ಹಾಗಿದ್ದ ಮೇಲೆ ಸೋಲಬೇಕಾದವರ ಗರವನ್ನು ಮುಟ್ಟಲೇಬಾರದು. ಅವರಿಗೆ ನಾಲ್ಕರ ಚೌಕವೂ ಬೀಳಲಿ, ಎಂಟರ ಬಾರವೂ ಬೀಳಲಿ, ಬೇಕಾದಷ್ಟು ಮುಂದೆ ಹೋಗಲಿ. ಬದಲಿಸಬೇಕಾದ್ದು ಎದುರಾಳಿಯ ಕವಡೆಯನ್ನು. ನಿಮ್ಮ ಕಾಯಿಯನ್ನು ಕಡಿಯಲು ಎದುರಿನವರಿಗೆ ಮೂರು ಬೇಕೋ, ಸರಿಯಾದ ಹೊತ್ತಿಗೆ ಮೂರೇ ಬೀಳುತ್ತದೆ. ಎರಡು ಬೇಕೋ, ಎರಡೇ. ಪ್ರತಿ ಸಲವೂ ಅಲ್ಲ, ಅನುಮಾನ ಬಾರದಷ್ಟು. ಕಡಿಸಿಕೊಂಡವರು ಕವಡೆಯನ್ನು ಬೈಯುವುದಿಲ್ಲ. ಛೇ, ಆ ಕಾಯಿಯನ್ನು ಅಲ್ಲಿಡಬಾರದಿತ್ತು, ಯಾಕೆ ನನಗೆ ಹೊಳೆಯಲಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಬೈದುಕೊಂಡು ಮತ್ತೆ ಆಡುತ್ತಾರೆ. ಒಂದು ದಿನ ಚಿನ್ನದ ಕವಡೆ ಕೊಳ್ಳುತ್ತಾರೆ. ಕೊಂಡವರಿಗೆ ಗೆಲುವು. ಹೊಸದಾಗಿ ಬಂದವರಿಗೂ ಒಂದಿಷ್ಟು ದಿನ ಗೆಲುವು, ರುಚಿ ಹತ್ತಲಿ ಎಂದು. ತುಂಬ ಆಡಿಯೂ ಒಂದು ಪೈಸೆ ಬಿಚ್ಚದವರಿಗೆ — ಬಿಗಿ ಹೆಚ್ಚುತ್ತಾ ಹೋಗುವುದು.

ಎದುರಿನವಳಿಗೆ ಎಷ್ಟು ಬಿದ್ದರೆ ಕಡಿಯುತ್ತಾಳೆ, ಅದನ್ನ ನೋಡು. ಕಲಿಸಿದ್ದನ್ನು ನಾನು ಮರೆತಿರಲಿಲ್ಲ.

ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಾಗ ವಿನೀತ್ ಎದ್ದು ನಿಂತು ಕೈ ಕುಲುಕಿದ. ಸಖತ್ತಾಗಿದೆ, ಇದು ಯಾರಿಗೂ ಗೊತ್ತಾಗಲ್ಲ ಎಂದ. ನನಗೆ ಬಡ್ತಿ ಸಿಕ್ಕಿತು. ಸಂಪಿನ ಪಕ್ಕದ ಕೋಣೆ ಬಿಟ್ಟು ಜೆಪಿ ನಗರದಲ್ಲಿ ಬಾಲ್ಕನಿ ಇರುವ ಮನೆಗೆ ಹೋದೆವು. ಅಪ್ಪ ಗಾಡಿ ಓಡಿಸುವುದನ್ನು ನಿಲ್ಲಿಸಿದರು. ಆ ದಿನಗಳಲ್ಲಿ ನಾನು ಎಷ್ಟು ಖುಷಿಯಾಗಿದ್ದೆ ಎಂದರೆ — ಅದನ್ನು ಬರೆಯದೇ ಬಿಟ್ಟರೆ ಇದೂ ಒಂದು ಮೋಸವೇ. ತುಂಬ ಖುಷಿಯಾಗಿದ್ದೆ.

ಮನೆ ಬಿಡುವ ದಿನ ಓನರ್ ಆಂಟಿಯ ಫೋನಿಗೆ ಆ ಆಟ ಹಾಕಿಕೊಟ್ಟೆ. ನನ್ನ ಕೈಯಾರೆ. ಇದು ನಾನು ಮಾಡಿದ್ದು ಆಂಟಿ, ನೋಡಿ ಎಂದೆ. ಅವರು ಅದನ್ನು ಕಟ್ಟಡಕ್ಕೆಲ್ಲ ಹಂಚಿದರು: ನಮ್ ಮಂಜು ಮಾಡಿರೋ ಆಟ, ಎಲ್ಲಾರೂ ಹಾಕ್ಕೊಳ್ಳಿ ಅಂತ. ಮೆಟ್ಟಿಲ ಪಕ್ಕದ ಆಟ ಒಬ್ಬೊಬ್ಬರ ಫೋನಿಗೆ ಹೋಯಿತು. ಕೆಲವೇ ವಾರದಲ್ಲಿ ಕೆಂಪು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವವರೇ ಇಲ್ಲವಾದರು.

ಮೊದಮೊದಲು ಆಂಟಿ ಗೆದ್ದರು. ಏರಿಯಾದ ಪಟ್ಟಿಯಲ್ಲಿ ಮೊದಲ ಹೆಸರು ಅವರದು. ದಿನಾ ನನಗೆ ಅದರ ಫೋಟೋ ಕಳಿಸುತ್ತಿದ್ದರು. ಆಮೇಲೆ ಸೋಲು ಶುರುವಾಯಿತು. ಚಿನ್ನದ ಕವಡೆ ಕೊಳ್ಳಿ ಎಂದು ಆಟ ಕೇಳಿದರೆ ಅವರಿಗೆ ನಗು. "ದುಡ್ಡು ಕೊಟ್ಟು ಗರ ಹಾಕ್ಸ್ಕೊಳ್ಳೋದಾ? ಥೂ, ಅದೂ ಒಂದು ಆಟವಾ" ಎಂದು ಅಮ್ಮನ ಹತ್ತಿರ ಫೋನಿನಲ್ಲಿ ಹೇಳಿದ್ದರಂತೆ. ಅಕ್ಕಪಕ್ಕದ ಹೆಂಗಸರು ಮಾತ್ರ ಸದ್ದಿಲ್ಲದೆ ಕೊಂಡರು. ಯಾರೂ ಯಾರಿಗೂ ಹೇಳಲಿಲ್ಲ. ಕೊಂಡು ಗೆದ್ದೆ ಎಂದು ಯಾರು ಹೇಳಿಕೊಳ್ಳುತ್ತಾರೆ? ಹೀಗೆ, ಜನ್ಮದಲ್ಲಿ ಆಂಟಿಯನ್ನು ಒಂದು ಸಲವೂ ಸೋಲಿಸದಿದ್ದವರೆಲ್ಲ ದಿನಾ ಸೋಲಿಸತೊಡಗಿದರು. ಆಂಟಿ ಛಲಗಾತಿ. ಇನ್ನೂ ಹೆಚ್ಚು ಆಡಿದರು. ಹೆಚ್ಚು ಆಡಿದಷ್ಟೂ ನನ್ನ ಲೆಕ್ಕ ಅವರನ್ನು ಇನ್ನಷ್ಟು ಬಿಗಿಯಿತು.

ನನಗೆ ಇದು ಗೊತ್ತಿತ್ತಾ? ಗೊತ್ತಿತ್ತು. ಒಂದು ದಿನ ಆಫೀಸಿನಲ್ಲಿ ಅವರ ಆಟಗಳನ್ನು ತೆಗೆದು ನೋಡಿದೆ. ಒಂದೊಂದು ನಡೆಯೂ ಸರಿಯಾಗಿತ್ತು. ಕಾಯಿ ಎಲ್ಲಿರಬೇಕೋ ಅಲ್ಲೇ ಇತ್ತು. ನ್ಯಾಯವಾದ ಕವಡೆಯಾಗಿದ್ದರೆ ಅವರನ್ನು ಸೋಲಿಸುವುದು ನನ್ನಿಂದಲೂ ಆಗುತ್ತಿರಲಿಲ್ಲ. ಅವರೊಬ್ಬರ ಮಟ್ಟಿಗೆ ಆ ಬಿಗಿ ತೆಗೆಯಬಹುದಿತ್ತು, ನಿಮಿಷದ ಕೆಲಸ. ತೆಗೆದರೆ ಯಾರು ತೆಗೆದರು, ಯಾಕೆ ಎಂದು ವಿನೀತ್ ಕೇಳುತ್ತಾನೆ. ಅದಕ್ಕೆ ತೆಗೆಯಲಿಲ್ಲ. ಆಟ ತಾನೇ, ಬೇಜಾರಾದರೆ ಬಿಡುತ್ತಾರೆ ಎಂದುಕೊಂಡೆ. ಅವರು ಬಿಡುವವರಲ್ಲ ಎಂದೂ ಗೊತ್ತಿತ್ತು.

ಗೊತ್ತಿಲ್ಲದಿದ್ದದ್ದು ಒಂದೇ. ಹೊಂಬಾಳಮ್ಮನವರ ತಾಯಿ ಕೊನೆಯ ವರ್ಷಗಳಲ್ಲಿ ಮಕ್ಕಳ ಗುರುತು ಮರೆತಿದ್ದರು, ಕಟ್ಟಡಗಳ ನಡುವೆ ಎಂದೋ ಮಾರಿದ ಹಸುಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು, ಅವರನ್ನು ನೋಡಿಕೊಂಡವರು ಹೊಂಬಾಳಮ್ಮನವರೇ — ಇದು ನನಗೆ ಆಮೇಲೆ ತಿಳಿಯಿತು. ತಮಗೂ ಹಾಗೇ ಆಗುತ್ತದೇನೋ ಎಂಬ ಭಯ ಅವರೊಳಗೆ ಮೊದಲಿಂದ ಇತ್ತಂತೆ. ನನ್ನ ಆಟ ಹೋಗಿ ಆ ಭಯಕ್ಕೆ ದಿನವೂ ಸಾಕ್ಷಿ ಹೇಳತೊಡಗಿತು.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬ. ಅರಿಶಿನ ಕುಂಕುಮಕ್ಕೆ ಅಮ್ಮನನ್ನೂ ನನ್ನನ್ನೂ ಕರೆದಿದ್ದರು. ಹೊಸ ರೇಷ್ಮೆ ಸೀರೆ ಉಟ್ಟು ಹೋದೆ. ಹಳೇ ಬಾಡಿಗೆಯವರ ಮಗಳು ಕಾರಿನಲ್ಲಿ ಬಂದು ಇಳಿದಳು ಎಂದು ಎಲ್ಲರೂ ನೋಡಲಿ ಎನ್ನುವುದೂ ಇತ್ತು, ಇರಲಿಲ್ಲ ಎಂದು ಹೇಳಲಾರೆ. ಚಾಪೆಯ ಮೇಲೆ ಕಟ್ಟಡದ ಹೆಂಗಸರೆಲ್ಲ ಕೂತಿದ್ದರು. ಸೊಸೆ ಶಶಿಕಲಾ ಎಲೆ ಅಡಿಕೆ ಕೊಡುತ್ತಿದ್ದರು. ಮೇಲಿನ ಮನೆಯ ಸುಧಾ ಆಂಟಿ ನನ್ನ ಸಂಬಳ ಎಷ್ಟೆಂದು ಸುತ್ತಿ ಬಳಸಿ ಕೇಳಿ, ನಮ್ ಹೊಂಬಾಳಕ್ಕ ಈಗ ದಿನಾ ಸೋಲ್ತವ್ರೆ ಗೊತ್ತಾ, ರಾಣಿ ಪಟ್ಟ ಹೋಯ್ತು ಎಂದು ಕಿಚಾಯಿಸಿದರು. ಅವರೂ ಚಿನ್ನದ ಕವಡೆ ಕೊಂಡವರೇ, ಆಫೀಸಿನ ಲೆಕ್ಕದಲ್ಲಿ ನೋಡಿದ್ದೆ.

ಆಂಟಿ ನಗಲಿಲ್ಲ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಮಂಜು, ಆಟ ಮಾಡಿರೋಳು ನೀನು, ಓದಿರೋಳು. ದೇವ್ರ ಮುಂದೆ ಕೂತಿದ್ದೀಯ, ದಿಟ ಹೇಳು. ಮುಂಚೆ ಕಾಯಿ ಎಲ್ಲಿಡ್ಬೇಕು ಅಂತ ನಂಗೆ ಕಾಣ್ತಿತ್ತು. ಈಗ ಎಲ್ಲಿಟ್ರೂ ಕಡಿಸ್ಕೋತೀನಿ. ಆಟದಾಗೆ ಏನಾರ ಐತಾ, ಇಲ್ಲ ನನ್ ತಲೇನೇ ಹೋಗ್ತಾ ಐತಾ?"

ಕೇಳಿದ ರೀತಿಯಲ್ಲೇ ನನಗೆ ಗೊತ್ತಾಗಬೇಕಿತ್ತು, ಇದು ಆಟದ ಮಾತಲ್ಲ ಎಂದು. ಗೊತ್ತಾಯಿತು ಕೂಡ. ಆದರೆ ಚಾಪೆಯ ತುಂಬ ಜನ. ನಮ್ಮ ಅಮ್ಮ ಎದುರಿಗೆ ಕೂತು, ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ನನ್ನನ್ನೇ ನೋಡುತ್ತಿದ್ದಳು. ನಾನು ಮಾಡುವ ಕೆಲಸ ಇಂಥದ್ದು ಎಂದು ಅವಳ ಎದುರಿಗೆ —

"ಆಟ ಸರಿಯಾಗೇ ಇದೆ ಆಂಟಿ. ಎಲ್ಲರಿಗೂ ಒಂದೇ ಕವಡೆ."

ಇಲ್ಲಿಗೆ ನಿಲ್ಲಿಸಿದ್ದರೂ ಅದು ಸುಳ್ಳೇ. ನಾನು ನಿಲ್ಲಿಸಲಿಲ್ಲ. ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದೆ. ಸುಳ್ಳು ಬಿಗಿಯಾಗಿ ಕೂರಲಿ ಎಂದಿರಬೇಕು.

"ವಯಸ್ಸಾಯ್ತಲ್ವಾ, ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ ಆಡಿ."

ಹೆಂಗಸರು ನಕ್ಕರು. ಸುಧಾ ಆಂಟಿ, ಕೇಳಿಸ್ಕೊಂಡ್ರಾ ಹೊಂಬಾಳಕ್ಕ, ಡಿಗ್ರಿ ಮಾಡಿರೋಳು ಹೇಳ್ತಾ ಇರೋದು ಎಂದರು. ಆಂಟಿಯೂ ನಕ್ಕರು. ನಕ್ಕು ನನ್ನ ಕೈ ಬಿಟ್ಟರು. ಹೂವು ತರುತ್ತೇನೆ ಎಂದು ಎದ್ದು ಒಳಗೆ ಹೋದರು. ಅವರು ಒಳಗೆ ಇದ್ದಷ್ಟು ಹೊತ್ತೂ ನಾನು ಹೊಸ ಬಾಲ್ಕನಿಯ ವಿಷಯ ಮಾತಾಡುತ್ತಿದ್ದೆ.

ಮುಂದಿನದು ನನಗೆ ಅಮ್ಮನಿಂದ ತುಂಡು ತುಂಡಾಗಿ ತಿಳಿಯಿತು. ಆಂಟಿ ಸ್ಕೂಟರ್ ಬಿಟ್ಟರು, ರಸ್ತೆಯಲ್ಲಿ ಯಾರಿಗಾದರೂ ಗುದ್ದಿಬಿಟ್ಟರೆ ಎಂದು. ನೀರಿನ ಮೋಟರು, ಬಾಡಿಗೆ ಮನೆಗಳ ಬೀಗದ ಕೈ, ರಿಪೇರಿಯವರನ್ನು ಕರೆಸುವುದು, ಒಂದೊಂದಾಗಿ ಸೊಸೆಗೆ ಒಪ್ಪಿಸಿದರು. ಪುಟ್ಟಸ್ವಾಮಿಯವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತಲೆಗೆ ಸ್ಕ್ಯಾನ್ ಮಾಡಿಸಿದರು. ಏನೂ ಇಲ್ಲ, ಚೆನ್ನಾಗಿದ್ದೀರಿ ಎಂದರಂತೆ ಡಾಕ್ಟರು. ಆಂಟಿ ನಂಬಲಿಲ್ಲ. ಡಾಕ್ಟ್ರು ಸಮಾಧಾನಕ್ಕೆ ಹೇಳ್ತಾರೆ, ಆ ಹುಡ್ಗಿ ಮುಖ ನೋಡಿ ಹೇಳುದ್ಲು ಅಂದರಂತೆ.

ಮೆಷಿನ್ನಿನ ಮಾತಿಗಿಂತ ನನ್ನ ಮಾತು ಮೇಲಾಯಿತು. ಯಾಕೆ ಮೇಲಾಯಿತು ಎಂದು ಯೋಚಿಸಿದರೆ ನನ್ನ ಡಿಗ್ರಿಯೇ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮಂಥ ಮನೆಯಿಂದ ಬಂದು ಓದಿದವಳು ಯಾಕೆ ಸುಳ್ಳು ಹೇಳುತ್ತಾಳೆ ಎಂದು ಅವರು ಅಂದುಕೊಂಡಿರಬೇಕು. ನಾನು ಬಸ್ಸಿನಲ್ಲಿ ನಿಂತು ಸಂಪಾದಿಸಿದ ಆ ನಂಬಿಕೆಯನ್ನೇ ಅವರ ಮೇಲೆ —

ಮರೆವು ಬಂದಿದೆ ಎಂದು ಒಬ್ಬರು ತಾವೇ ಹೇಳಿಕೊಂಡರೆ ಸುತ್ತಲಿನವರಿಗೆ ಎಲ್ಲದರಲ್ಲೂ ಮರೆವೇ ಕಾಣುತ್ತದೆ. ನಮ್ಮೆಲ್ಲರಿಗೂ ಆಗುವ ಹಾಗೆ ಒಂದು ದಿನ ಹಾಲು ಉಕ್ಕಿತು. ಆಮೇಲೆ ಅವರನ್ನು ಒಲೆಯ ಹತ್ತಿರ ಬಿಡಲಿಲ್ಲ. ಹೇಳಿದ್ದನ್ನೇ ಎರಡು ಸಲ, ಗಟ್ಟಿಯಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳತೊಡಗಿದರು. ಯಾರೂ ಕೆಟ್ಟವರಲ್ಲ. ಶಶಿಕಲಾ ಪ್ರೀತಿಯಿಂದಲೇ ನೋಡಿಕೊಂಡರು. ಅವರಿಗೆ ನಿಜ ಗೊತ್ತಿರಲಿಲ್ಲ. ಗೊತ್ತಿದ್ದವಳು ಜೆಪಿ ನಗರದಲ್ಲಿದ್ದಳು, ಅಮ್ಮ ಹೇಳುತ್ತಿದ್ದದ್ದನ್ನು ಊಟ ಮಾಡುತ್ತಾ ಕೇಳಿಸಿಕೊಂಡು, ಹೌದಾ, ಪಾಪ ಎನ್ನುತ್ತಿದ್ದಳು.

ಹೀಗೆ ಎರಡು ವರ್ಷದ ಮೇಲಾಯಿತು. ನಡುವೆ ನಾನು ಆ ಕೆಲಸ ಬಿಟ್ಟೆ. ಮನಸ್ಸಾಕ್ಷಿ ಚುಚ್ಚಿ ಬಿಟ್ಟೆ ಎಂದು ಬರೆಯಬಹುದಿತ್ತು, ಕೇಳಲು ಚೆನ್ನಾಗಿರುತ್ತದೆ. ನಿಜ ಏನೆಂದರೆ ಬೇರೆ ಕಡೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿತು. ಆಟವನ್ನು ಕಂಪನಿ ಬೇರೆ ಯಾರಿಗೋ ಮಾರಿತು. ಆ ಲೆಕ್ಕ ಈಗಲೂ ಅದರೊಳಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದೇ ಇರುತ್ತದೆ ಎಂದು ಬರೆದವಳಾಗಿ ಹೇಳಬಲ್ಲೆ.

ಕಳೆದ ಚಳಿಗಾಲದಲ್ಲಿ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಆಂಟಿಯನ್ನು ಕಂಡೆ. ಶಶಿಕಲಾ ಅವರ ರಟ್ಟೆ ಹಿಡಿದುಕೊಂಡಿದ್ದರು. ಎದುರು ಹೋಗಿ ನಿಂತೆ. ಆಂಟಿಯ ಕಣ್ಣು ನನ್ನನ್ನು ಕಂಡ ಕೂಡಲೇ ಅರಳಿತು. ನನಗೆ ಸ್ಪಷ್ಟವಾಗಿ ಕಾಣಿಸಿತು, ಒಂದಿಷ್ಟೂ ಅನುಮಾನವಿರಲಿಲ್ಲ ಅದರಲ್ಲಿ. ಆದರೂ ಅವರು ಸೊಸೆಯ ಮುಖ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು.

"ಮಂಜು ಅಲ್ವಾ? ತಪ್ಪಾಗಿದ್ರೆ ಹೇಳಮ್ಮ."

ನನ್ನ ತಲೆಯ ಮೇಲೆ ಮೊಟಕಿ ಬೆಳೆಸಿದವರು. ಹಾರನ್ ಮಾಡುವವರಿಗೆ ತಿರುಗಿ ನೋಡದೆ ಉತ್ತರ ಕೊಡುತ್ತಿದ್ದವರು. ನನ್ನ ಹೆಸರು ಹೇಳಲು ಅಪ್ಪಣೆ ಕೇಳುತ್ತಿದ್ದರು.

ಆ ವಾರವೇ ಭಾನುವಾರ ಬೆಳಿಗ್ಗೆ ಸುಬ್ರಹ್ಮಣ್ಯಪುರಕ್ಕೆ ಹೋದೆ. ಅವರೆಕಾಯಿಯ ಕಾಲ. ಬಾಗಿಲ ಬಳಿ ಬಿಸಿಲಲ್ಲಿ ಕೂತು ನೆನೆಸಿದ ಕಾಳನ್ನು ಹಿತುಕುತ್ತಿದ್ದರು. ನಾನೂ ಕೂತು ಒಂದು ಹಿಡಿ ತೆಗೆದುಕೊಂಡೆ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದು ಯಾವುದೂ ನೆನಪಾಗಲಿಲ್ಲ. ಹಿತುಕಿದ ಬೇಳೆಯನ್ನು ನೆಲದ ಮೇಲೆ ಕಾಯಿಯ ಹಾಗೆ ಇಟ್ಟೆ. ಇದು ನಿಮ್ಮದು ಆಂಟಿ, ಇದು ಸುಧಾ ಆಂಟಿಯದು, ಅವರಿಗೆ ಮೂರು ಬೇಕು ಎನ್ನುವಾಗ ಮೂರೇ ಬೀಳುವ ಹಾಗೆ ನಾನು ಮಾಡಿಟ್ಟಿದ್ದೆ ಎಂದು ಹೇಳಿದೆ. ಚಿನ್ನದ ಕವಡೆ ಯಾರ‍್ಯಾರು ಕೊಂಡಿದ್ದರು ಎಂದೂ ಹೇಳಿದೆ. ಹಬ್ಬದ ದಿನ ನಾನು ಹೇಳಿದ್ದು ಸುಳ್ಳು, ಆ ಸುಳ್ಳು ಹೇಳುವಾಗ ನನಗೆ ನಿಜ ಗೊತ್ತಿತ್ತು ಎಂದೂ ಹೇಳಿದೆ.

ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಬೇಳೆಗಳನ್ನೇ ನೋಡುತ್ತಾ, ಓ, ನಂಗೆ ಗರ ಚೆನ್ನಾಗೇ ಬೀಳ್ತಿತ್ತು, ಅದ್ಕೇ ಗೊತ್ತಾಗ್ಲಿಲ್ಲ ಎಂದರು. ನಾನು ಹೌದೆಂದೆ. ಆಗ ನನಗೆ — ಇದನ್ನೂ ಒಪ್ಪಿಕೊಳ್ಳಬೇಕು — ಎದೆ ಹಗುರವಾಯಿತು. ಎಲ್ಲ ಸರಿಹೋಯಿತು ಎಂದುಕೊಂಡೆ. ಬೈಯುತ್ತಾರೆ, ಅಳುತ್ತಾರೆ, ಹೊಡೆದರೂ ಹೊಡೆಯಲಿ. ಎದ್ದು ಹೋಗಿ ಸ್ಕೂಟರಿನ ಬೀಗದ ಕೈ ಕೇಳುತ್ತಾರೆ ಎಂದುಕೊಂಡೆ.

ಅವರು ಮತ್ತೆ ಕಾಳು ಹಿತುಕತೊಡಗಿದರು.

"ಅವತ್ತು ದೇವ್ರ ಮುಂದೆ ಹೇಳ್ದೋಳೂ ನೀನೇ, ಇವತ್ತು ಬಾಗ್ಲಾಗೆ ಕೂತು ಹೇಳ್ತಾ ಇರೋಳೂ ನೀನೇ. ಯಾವ್ ಮಂಜುನ ನಂಬ್ಲಿ?"

ಇವತ್ತಿನವಳನ್ನು ನಂಬಿ ಆಂಟಿ ಎಂದೆ.

"ಬಸ್ ಸ್ಟ್ಯಾಂಡ್ನಾಗೆ ನನ್ನ ನೋಡಿ ಕರುಳು ಚುರುಕ್ ಅಂದಿರ‍್ತದೆ, ಅದ್ಕೆ ಬಂದಿದ್ದೀಯ. ನಾನೂ ನಮ್ಮವ್ವಂಗೆ ಹಿಂಗೇ ಹೇಳ್ತಿದ್ದೆ ಕಣಮ್ಮ. ನಿಂಗೇನೂ ಆಗಿಲ್ಲ ಕಣವ್ವ, ಹಸು ಎಲ್ಲಾ ಕೊಟ್ಟಿಗೇಲವೆ ಅಂತ."

ನಾನು ಬ್ಯಾಗಿನಿಂದ ಕವಡೆ ತೆಗೆದೆ. ತಂದಿದ್ದೆ. ಈಗಲೇ ಆಡೋಣ, ನಿಜವಾದ ಕವಡೆಯಲ್ಲಿ ಆಡೋಣ, ನಿಮಗೇ ಗೊತ್ತಾಗುತ್ತದೆ ಎಂದೆ. ಬೇಡ ಎಂದರು, ನೀನು ಬೇಕಂತ ಸೋಲ್ತೀಯ, ನಿನ್ ನಾಟ್ಕ ನಂಗೊತ್ತಿಲ್ವಾ ಎಂದು ನಕ್ಕರು. ಆ ನಗು ಅವರ ಹಳೆಯ ನಗುವೇ. ಅದರಲ್ಲಿ ಕೋಪವಿದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಒಳಗೆ ಕರೆದು ಹಿತುಕಿದ ಬೇಳೆ ಸಾರು, ಮುದ್ದೆ ಬಡಿಸಿಯೇ ಕಳಿಸಿದರು. ಶಶಿಕಲಾಗೂ ಪುಟ್ಟಸ್ವಾಮಿಯವರಿಗೂ ನಾನು ಅಲ್ಲೇ ಎಲ್ಲವನ್ನೂ ಹೇಳಿದೆ. ಶಶಿಕಲಾ ಎದ್ದು ಹೋದರು. ಪುಟ್ಟಸ್ವಾಮಿಯವರು, ಇಷ್ಟು ದಿನ ಏನ್ ಮಾಡ್ತಿದ್ದೆ ಎಂದು ಕೇಳಿದರು.

ಸುಳ್ಳು ಹೇಳಿದವರು ಯಾವತ್ತಾದರೂ ನಿಜ ಹೇಳಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಲೆಕ್ಕದಲ್ಲಿ ತಪ್ಪಿದರೆ ಹೊಡೆದುಹಾಕಿ ಮತ್ತೆ ಬರೆಯುತ್ತೇವಲ್ಲ, ಹಾಗೆ. ಹಾಗಲ್ಲ. ಅವತ್ತಿನ ಸುಳ್ಳು ಇವತ್ತಿನ ನಿಜವನ್ನೂ ತಿಂದುಹಾಕಿತ್ತು.

ಆಮೇಲೆ ಎಷ್ಟೋ ಭಾನುವಾರ ಹೋಗಿದ್ದೇನೆ. ಆಂಟಿ ನನ್ನನ್ನು ಚೆನ್ನಾಗಿಯೇ ಮಾತಾಡಿಸುತ್ತಾರೆ. ಸ್ಕೂಟರ್ ಮುಟ್ಟಿಲ್ಲ. ಕಳೆದ ಸಲ ಹೋದಾಗ ಇದನ್ನೆಲ್ಲ ಬರೆದು ಅಚ್ಚು ಹಾಕಿಸುತ್ತೇನೆ, ನಿಮ್ಮ ಹೆಸರೂ ನನ್ನ ಹೆಸರೂ ಇರುತ್ತದೆ, ಆಗಬಹುದಾ ಎಂದು ಕೇಳಿದೆ. ನನ್ನನ್ನು ನೋಡಿದರು. ಬರ್ಕೋ ಹೋಗು, ನಿನ್ ಮರ್ಯಾದೆ ನಿನ್ ಇಷ್ಟ ಎಂದರು.

ಅದಕ್ಕೇ ಬರೆದಿದ್ದೇನೆ. ಕೆಲಸಕ್ಕೆ ಸೇರುವಾಗ ಒಳಗಿನದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೆ. ಅದರಿಂದ ಬರುವುದು ಬರಲಿ. ನಮ್ಮ ಅಮ್ಮ ಇದನ್ನು ಓದಿಸಿಕೊಂಡು ಕೇಳಿದ್ದಾಳೆ. ಅವಳ ಬೆನ್ನು ಮತ್ತೆ ಬಾಗಿದ್ದನ್ನು ನೋಡಿದೆ. ಅದೂ ನನ್ನದೇ.

ಓನರ್ ಆಂಟಿ, ಇನ್ನು ಮುಂದಿನದು ನಿಮಗೊಬ್ಬರಿಗೆ. ಸಮಾಧಾನಕ್ಕೆ ಹೇಳುವವರು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಾರೆ, ನೀವು ನಿಮ್ಮವ್ವನಿಗೆ ಹೇಳಿದ ಹಾಗೆ. ಯಾರೂ ಊರಿಗೆಲ್ಲ ಕೇಳುವ ಹಾಗೆ, ತಮ್ಮ ಹೆಸರು ಹಾಕಿ, ನಾನು ಮೋಸಗಾತಿ ಎಂದು ಅಚ್ಚು ಹಾಕಿಸುವುದಿಲ್ಲ. ನಿಮ್ಮ ಒಂದು ಕಾಯಿಯೂ ತಪ್ಪು ಮನೆಯಲ್ಲಿರಲಿಲ್ಲ. ಅಷ್ಟೂ ಆಟಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇದು ಅಚ್ಚಾಗಿ ಬಂದ ವಾರ ಬರುತ್ತೇನೆ. ಅವತ್ತು ಚಾಪೆಯ ಮೇಲೆ ಕೂತಿದ್ದವರನ್ನೆಲ್ಲ, ಸುಧಾ ಆಂಟಿಯಿಂದ ಹಿಡಿದು, ಮನೆಮನೆಗೆ ಹೋಗಿ ನಾನೇ ಕರೆದು ತರುತ್ತೇನೆ. ನೀವು ನಡುವೆ ಕೂತಿರಿ. ಎಲ್ಲರ ಎದುರಿಗೆ ಗಟ್ಟಿಯಾಗಿ ಓದುತ್ತೇನೆ. ಬೈಯುವವರು ಬೈಯಲಿ, ನಗುವವರು ನಗಲಿ. ನಂಬುವುದು ಬಿಡುವುದು ನಿಮ್ಮದು. ಓದಿ ಮುಗಿಸದೆ ನಾನು ಮೇಲೇಳುವುದಿಲ್ಲ.